ಕಾಲು ನೆಲಕ್ಕೆ ಹಚ್ಚದೆ

ಇಮಾಮುದ್ದೀನ್ ಏನಾದರೂ ಒಂದು ಮಾತು ಅಂದಿದ್ದರೆ ಅಣವೀರಪ್ಪನಿಗೆ ಹೊರಡುವುದು ಸುಲಭವಾಗುತ್ತಿತ್ತು. ಬೇಡ ಅಂದಿದ್ದರೆ ಹಟಕ್ಕೆ ಬಿದ್ದು ಹೊರಡಬಹುದಿತ್ತು. ಹೋಗು ಅಂದಿದ್ದರೆ ಕೆಟ್ಟರೂ ಅವನ ಮಾತು ಕೇಳಿ ಕೆಟ್ಟೆ ಅಂದುಕೊಳ್ಳಬಹುದಿತ್ತು. ಆ ಪುಣ್ಯಾತ್ಮ ಎರಡೂ ಅನ್ನಲಿಲ್ಲ. ಕಲಬುರ್ಗಿಯ ಗಾಜಿಪುರದ ಓಣಿಯಲ್ಲಿ ಇಬ್ಬರದೂ ಗೋಡೆಗೆ ಗೋಡೆ ಹತ್ತಿದ ಮನೆ. ಕಚೇರಿಯಲ್ಲೂ ಇಬ್ಬರೂ ಅಹಲಕಾರರೇ, ಒಂದೇ ದೌತಿಯಲ್ಲಿ ಲೇಖಣಿ ಅದ್ದಿ ಸರಕಾರದ ಕಾಗದಗಳನ್ನು ಉರ್ದುವಿನಲ್ಲಿ ಬರೆಯುವ ಗುಮಾಸ್ತರು. ಬೆಳಕು ಇನ್ನೂ ಸರಿಯಾಗಿ ಹರಿಯದ ಹೊತ್ತಿನಲ್ಲಿ ಇಮಾಮುದ್ದೀನ್ ಲುಂಗಿ ಎತ್ತಿ ಕಟ್ಟಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ, ಎರಡೂ ಗಾಲಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಹ್ಯಾಂಡಲ್ಲನ್ನು ಅಣವೀರಪ್ಪನ ಕೈಗೆ ಕೊಟ್ಟ, ಮುಗಿಯಿತು. ಗೋಣಿತಟ್ಟಿನ ಪರದೆಯ ಹಿಂದಿನಿಂದ ಅವನ ಹೆಂಡತಿ ಕುಲ್ಸುಮ್ ಒಂದಿಷ್ಟು ಖರ್ಜೂರ ಕಟ್ಟಿ ಕೊಟ್ಟಳು. ತಾನು ಬೇಯಿಸಿದ್ದನ್ನು ಲಿಂಗವಂತರ ಮನೆಯವರು ಮುಟ್ಟುವುದಿಲ್ಲವೆಂದು ಬಲ್ಲ ಹೆಂಗಸು. ಇವತ್ತು ಎಲ್ಲಿಗೆ, ಯಾಕೆ ಅನ್ನುವುದು ಅವಳಿಗೂ ಗೊತ್ತಿತ್ತು, ಇಡೀ ಓಣಿಗೆ ಗೊತ್ತಿತ್ತು. ಗೊತ್ತಿದ್ದವರೆಲ್ಲ ಸುಮ್ಮನಿರುವುದು ಅಣವೀರಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಧೋತರದ ಅಂಚನ್ನು ಬಲಗಾಲಿಗೆ ದಾರದಿಂದ ಬಿಗಿದುಕೊಂಡು ಅವನು ಸೈಕಲ್ಲು ಹತ್ತಿದ.

ಹೋಗಬೇಕಾದದ್ದು ಕಮಲಾಪುರಕ್ಕೆ, ಹೆಂಡತಿಯ ತವರಿಗೆ. ಚೊಚ್ಚಲ ಹೆರಿಗೆಗೆಂದು ಹೋದ ಚಂದಮ್ಮ ವರ್ಷ ದಾಟಿದರೂ ತಿರುಗಿ ಬಂದಿರಲಿಲ್ಲ. ಹುಟ್ಟಿದ ಗಂಡುಕೂಸು ತಿಂಗಳು ತುಂಬುವ ಮೊದಲೇ ಹೋಯಿತು. ಆಮೇಲೆ ಅಣವೀರಪ್ಪ ಎರಡು ಸಲ ಕರೆಯಲು ಹೋದ. ಎರಡು ಸಲವೂ ಮಾವ ಸಾಯಬಣ್ಣ, ಮಗಳ ಮೈ ಇನ್ನೂ ಹುಷಾರಿಲ್ಲ ಅಂದು, ಹೊಟ್ಟೆ ತುಂಬ ಉಣ್ಣಿಸಿ, ತನ್ನ ತೋಟದ ಕೆಂಪು ಬಾಳೆಯದೊಂದು ಗೊನೆ ಹೊರಿಸಿ ಮೋಟರು ಹತ್ತಿಸಿದ. ಹೆಂಡತಿಯನ್ನು ತರಲು ಹೋದವನು ಬಾಳೆಗೊನೆ ಹೊತ್ತು ಓಣಿಯೊಳಗೆ ಬರುವುದೆಂದರೆ ಏನು ಅನ್ನುವುದು ಹೊತ್ತವನಿಗೇ ಗೊತ್ತು. ಅಳಿಯ ಅಲ್ಲ, ಮಗಳ ಗಂಡ ಅನ್ನುತ್ತಾರಲ್ಲ, ಸಾಯಬಣ್ಣನ ಉಪಚಾರವೆಲ್ಲ ಆ ಜಾತಿಯದು. ಎರಡನೆಯ ಸಲ, ಶ್ರಾವಣದಲ್ಲಿ, ಚಂದಮ್ಮನ ತಮ್ಮ ಮಾಪಣ್ಣ ಚಾವಡಿ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು ಕಾಲು ಚಾಚಿ ಕೂತು ಅಂದಿದ್ದ:

"ಮಾವಾರ, ನಮ್ಮ ಘಾಟಿನಾಗ ಸೈಕಲ್ ಏರಂಗಿಲ್ಲಂತ ಹೇಳಿ ಕಳಸಿದ್ರಲ್ಲ ನೀವು. ಕಾಲ ನೆಲಕ್ಕ ಹಚ್ಚಲಾರದ ಏರಿ ಬರ್ರಿ ಒಮ್ಮೆ. ಅಕ್ಕನ ಪೆಟ್ಟಿಗಿ ನಾನ ತಲಿ ಮ್ಯಾಲ ಹೊತ್ಕೊಂಡು ಬಂದು ಮೋಟರಿಗೆ ಇಡ್ತೀನಿ."

ಜನ ನಕ್ಕರು. ಅದಕ್ಕೆ ಅವನಿಗೆ ಸಿಟ್ಟಿಲ್ಲ, ನಗುವುದು ಜನದ ಕೆಲಸ. ಆದರೆ ಸಾಯಬಣ್ಣನೂ ಮೀಸೆಯಡಿ ನಕ್ಕು, ಆಗಲಿ ಅನ್ನುವಂತೆ ತಲೆಯಾಡಿಸಿದ. ಆ ತಲೆಯಾಡಿಕೆಯನ್ನು ಅಣವೀರಪ್ಪ ಮೊಹರು ಬಿದ್ದ ಸರಕಾರಿ ಹುಕುಮಿನಂತೆ ಎದೆಯಲ್ಲಿಟ್ಟುಕೊಂಡು ಬಂದ. ಅಂದಿನಿಂದ ಬೆಳಗಾದರೆ ಇಮಾಮುದ್ದೀನನ ಸೈಕಲ್ಲು, ಕೋಟೆಯ ಬಯಲು, ಕೋಟೆ ಬಾಗಿಲಿನ ಏರು. ಮೊದಲು ಅವನಿಗೆ ಬರುತ್ತಿದ್ದದ್ದು ಕಚೇರಿಗೆ ಹೋಗಿ ಬರುವಷ್ಟು ಸೈಕಲ್ಲು. ಅದೂ ಎದುರಿಗೆ ಎಮ್ಮೆ ಬಂದರೆ ಇಳಿದು ನಿಲ್ಲುವ ಸೈಕಲ್ಲು. ಬಿದ್ದ, ಮೊಣಕಾಲು ಕೆತ್ತಿಕೊಂಡ, ಕುಂಟುತ್ತ ಕಚೇರಿಗೆ ಹೋಗಿ ತನ್ನ ಮೇಲಿನ ಪೇಶ್ಕಾರರ ಕೈಲಿ ನಗೆಪಾಟಲಾದ. ಅಹಲಕಾರರಿಗೆ ಈ ವಯಸ್ಸಿನಾಗ ಸೈಕಲ್ ಹುಚ್ಚು ಹಿಡದದ ಅಂದರು ಜನ. ಓಣಿಯ ಮುದುಕಿಯೊಬ್ಬಳು ಮಾತ್ರ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಹತ್ತಿತು ಎಂದು ತನಗೆ ತಾನೇ ಅಂದುಕೊಂಡದ್ದು ಅವನ ಕಿವಿಗೆ ಬಿದ್ದಿತ್ತು. ಕೇಳಿಸದವನಂತೆ ಹೋದ.

ಕಪನೂರ ದಾಟುವ ಹೊತ್ತಿಗೆ ಹೊಲಗಳು ಕಂಡವು. ಮಾಘದ ಚಳಿ, ಎರಡೂ ಕಡೆ ತೆನೆಯೊಡೆದ ಜೋಳ, ಎಲ್ಲೋ ಹಸಿ ತೆನೆಯ ಸೀತನಿ ಸುಡುವ ಹೊಗೆ. ರಸ್ತೆಯ ಮೇಲೆ ಅವನ ಹೊರತು ಯಾರೂ ಇಲ್ಲ. ಹಿತವಾಗಿರಬೇಕಾಗಿತ್ತು, ಆಗಲಿಲ್ಲ, ಯಾಕೆಂದರೆ ಹೋದ ವರ್ಷ ಕೂಸಿನ ಸುದ್ದಿ ಬಂದ ದಿನವೂ ಇಂಥದೇ ಚಳಿ. ಅವತ್ತು ಅವನು ಕತ್ತಲಲ್ಲೇ ಎದ್ದು ಕಂದೀಲಿನ ಮುಂದೆ ನಿಂತು ದಸ್ತಾರು ಸುತ್ತಿಕೊಳ್ಳುತ್ತಿದ್ದ. ಹೈದರಾಬಾದಿನಿಂದ ಒಬ್ಬ ದೊಡ್ಡ ಸಾಹೇಬರು ಕಚೇರಿ ತಪಾಸಣೆಗೆ ಬರುವವರಿದ್ದರು; ಅಹಲಕಾರರೆಲ್ಲ ಶೇರವಾನಿ ತೊಟ್ಟು, ತಲೆಗೆ ದಸ್ತಾರು, ನಡುವಿಗೆ ಬಗಲೂಸೆಂಬ ಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಲ್ಲಬೇಕೆಂದು ಪೇಶ್ಕಾರರು ಮೂರು ದಿನದಿಂದ ಪ್ರಾಣ ತಿಂದಿದ್ದರು. ಶೇರವಾನಿ ಎರವಿನದು, ತೋಳು ಗಿಡ್ಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ದಸ್ತಾರಿನ ಕೊನೆಯ ಸುತ್ತು ಹಾಕುವಾಗ ಬಾಗಿಲಲ್ಲಿ ಸಾಯಬಣ್ಣನ ಆಳು ಮರೆಪ್ಪ ನಿಂತಿದ್ದ. ಇಡೀ ರಾತ್ರಿ ತಟ್ಟುಕುದುರೆಯ ಮೇಲೆ ಬಂದವನು, ತಟ್ಟು ದಾರಿಯಲ್ಲೇ ಕುಂಟಾಗಿ ಆಮೇಲೆ ಅದನ್ನೂ ಎಳೆದುಕೊಂಡು ಬಂದವನು.

"ಕೂಸಿಗಿ ಉಸರ ಹತ್ತಾಕತ್ತದರೀ ಧಣ್ಯಾರ," ಅಂದ ಮರೆಪ್ಪ. "ಚಂದಮ್ಮ ಅವ್ವಾರು ನಿಮ್ಮನ್ನ ಕರಕೊಂಡ ಬಾ ಅಂದಾರ."

ನಸುಕಿನ ಮೋಟರು ಆಗಲೇ ಹೋಗಿತ್ತು. ಇನ್ನೊಂದು ಮೋಟರು ಮರುದಿನವೇ. ಇದು ಸುಳ್ಳಲ್ಲ, ಅಣವೀರಪ್ಪ ಆಮೇಲೆ ಎಷ್ಟೋ ರಾತ್ರಿ ಇದೊಂದು ನಿಜವನ್ನು ಎದೆಗೆ ಅವುಚಿಕೊಂಡು ಮಲಗಿದ್ದಾನೆ. ಆದರೆ ಅಷ್ಟರಲ್ಲಿ ಪಕ್ಕದ ಮನೆಯಿಂದ ಇಮಾಮುದ್ದೀನ್, ಅವನೂ ಶೇರವಾನಿಯಲ್ಲಿ, ಸೈಕಲ್ಲು ಹಿಡಿದು ಹೊರಗೆ ಬಂದ. ಮಾತು ಕೇಳಿಸಿಕೊಂಡ. ಸೈಕಲ್ಲನ್ನು ತಂದು ಅಣವೀರಪ್ಪನ ಕಟ್ಟೆಗೆ ಒರಗಿಸಿದ. "ಲೇಕು ಜಾ, ಯಾರ್," ಅಂದ, ತಗೊಂಡು ಹೋಗು ಎಂದು. ತಾನು ನಡೆದು ಹೋಗುತ್ತೇನೆ, ಪೇಶ್ಕಾರರಿಗೆ ತಾನೇ ಹೇಳುತ್ತೇನೆ ಅಂದ. ಮರೆಪ್ಪ ಸೈಕಲ್ಲನ್ನು ನೋಡಿದ, ಆಮೇಲೆ ಅಣವೀರಪ್ಪನನ್ನು ನೋಡಿದ. ಅಣವೀರಪ್ಪ ಇಬ್ಬರನ್ನೂ ನೋಡದೆ ಕೈಯಲ್ಲಿದ್ದ ದಸ್ತಾರಿನ ಚುಂಗನ್ನು ನೋಡುತ್ತ, ಆ ಘಾಟಿನಲ್ಲಿ ಸೈಕಲ್ಲು ಏರುವುದಿಲ್ಲ, ನಾಳೆಯ ಮೋಟರಿಗೆ ಬರುತ್ತೇನೆಂದು ಹೇಳು ಅಂದ. ಎಷ್ಟು ಸಲೀಸಾಗಿ ಬಂತು ಆ ಮಾತು. ಕಚೇರಿಗೆ ಬಂದ ರೈತನಿಗೆ ನಿನ್ನ ಕಾಗದ ಇಲ್ಲಿಲ್ಲ, ನಾಳೆ ಬಾ ಅನ್ನುವಾಗಿನ ದನಿಯೇ ಅದು. ಮರೆಪ್ಪನೂ ಆ ರೈತನ ಹಾಗೆಯೇ ಹೂಂ ಅಂದು, ಕುಂಟು ತಟ್ಟುವನ್ನು ಹಿಡಿದುಕೊಂಡು ಹೊರಟ. ಇಮಾಮುದ್ದೀನ್ ಕಟ್ಟೆಗೆ ಒರಗಿಸಿದ್ದ ಸೈಕಲ್ಲನ್ನು ತಾನೇ ತೆಗೆದುಕೊಂಡ.

ರಜೆ ಕೊಡಲಿಲ್ಲವೆಂದು ಯಾರನ್ನಾದರೂ ಬೈಯೋಣವೆಂದರೆ ಅದಕ್ಕೂ ಆಸ್ಪದವಿಲ್ಲ. ಅವನು ಕೇಳಲೇ ಇಲ್ಲ. ಸಾಲಿನಲ್ಲಿ ನಿಂತಾಗ ಒಮ್ಮೆ ಪೇಶ್ಕಾರರು ಹತ್ತಿರ ಬಂದರು, ಅವನ ಬಾಯಿ ತೆರೆಯಿತು ಕೂಡ. ಅವರು ಬಗಲೂಸು ನೆಟ್ಟಗೆ ಮಾಡಿಕೋ ಅಂದು ಮುಂದೆ ಹೋದರು, ಅವನು ನೆಟ್ಟಗೆ ಮಾಡಿಕೊಂಡ. ಕೂಸುಗಳಿಗೆ ಉಸಿರು ಹತ್ತುತ್ತದೆ, ಇಳಿಯುತ್ತದೆ, ಹೆಂಗಸರು ಗಾಬರಿಯಾಗುತ್ತಾರೆ, ತಾನು ಹೋಗಿ ಮಾಡುವುದಾದರೂ ಏನು, ತಾನೇನು ಹಕೀಮನೇ, ಇಂಥ ಮಾತುಗಳಿಗೆ ಅವತ್ತು ಬರವಿರಲಿಲ್ಲ. ನಡುಹಗಲಿಗೆ ಸಾಹೇಬರು ಬರುವುದಿಲ್ಲ, ರೈಲಿನಲ್ಲಿ ಮುಂದಕ್ಕೆ ಹೋದರು ಎಂದು ಸುದ್ದಿ ಬಂತು. ಇನ್ನೂ ಅರ್ಧ ದಿನ ಉಳಿದಿತ್ತು. ಸೈಕಲ್ಲು ಕಚೇರಿಯ ಬೇವಿನ ಮರದ ಕೆಳಗೆ ಇತ್ತು. ಸಾಹೇಬರಿಗೆಂದು ತರಿಸಿದ್ದ ಜಿಲೇಬಿಯನ್ನು ಸಂಜೆ ಅಹಲಕಾರರಿಗೆಲ್ಲ ಹಂಚಿದರು. ಅಣವೀರಪ್ಪ ತಿಂದ. ಎರಡನೆಯ ಸಲ ತಟ್ಟೆ ಬಂದಾಗಲೂ ಒಂದು ತೆಗೆದುಕೊಂಡ. ಸಾಹೇಬರ ಮೇಲೆ ಯಾರೋ ಚೇಷ್ಟೆ ಮಾಡಿದಾಗ ಎಲ್ಲರ ಜೊತೆ ನಕ್ಕ. ಮರುದಿನ ಮೋಟರಿನಲ್ಲಿ ಹೋದಾಗ ಎಲ್ಲ ಮುಗಿದಿತ್ತು. ತಂದೆ ಹಾಕಬೇಕಾದ ಹಿಡಿಮಣ್ಣನ್ನು ಸಾಯಬಣ್ಣ ಹಾಕಿದ್ದ. ಬಾಳೆತೋಟದ ಬದುವಿನ ಹತ್ತಿರ ಮಣ್ಣು ಇನ್ನೂ ಹಸಿಯಾಗಿತ್ತು, ಅದನ್ನು ನೋಡುತ್ತ ನಿಂತವನಿಗೆ ಅಳು ಬರುವ ಮೊದಲು ನೆನಪಾದದ್ದು ಜಿಲೇಬಿ. ಆ ಜಿಲೇಬಿಯ ಸುದ್ದಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಕುರಿಕೋಟಾ ಹಳ್ಳದಲ್ಲಿ ಇಳಿದು ನೀರು ಕುಡಿದ. ಇಲ್ಲಿ ಇಳಿಯಬಹುದು, ಘಾಟಿನಲ್ಲಿ ಮಾತ್ರ ಇಳಿಯಬಾರದು. ಕರಾರು ಅಷ್ಟೇ. ಖರ್ಜೂರ ಬಾಯಿಗೆ ಹಾಕಿಕೊಂಡ, ಅದರ ಸಿಹಿ ತಾಳದೆ ಉಗುಳಿದ. ಬಿಸಿಲು ಏರತೊಡಗಿತ್ತು, ಮಹಾಗಾಂವ್ ದಾಟುವಾಗ ಬೆನ್ನು ಒದ್ದೆ. ಹೊಲದಲ್ಲಿದ್ದ ಹೆಣ್ಣಾಳುಗಳು ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದರು, ಯಾವಳೋ ಏನೋ ಅಂದಳು, ಉಳಿದವರು ನಕ್ಕರು. ಅವನ ಬಗ್ಗೆಯೇ ಅಂದಿರಬೇಕೆಂದು ಅವನಿಗೆ ಖಾತ್ರಿ. ಈ ವರ್ಷದಲ್ಲಿ ಎಲ್ಲಿ ಯಾರು ನಕ್ಕರೂ ಅದು ತನ್ನ ಮೇಲೆಯೇ ಅನ್ನಿಸುವ ರೋಗ ಹತ್ತಿಕೊಂಡಿತ್ತು. ಚಂದಮ್ಮನ ಮುಖವನ್ನು ನೆನಪು ಮಾಡಿಕೊಳ್ಳಲು ನೋಡಿದ. ಎರಡು ಸಲ ಹೋದಾಗಲೂ ಅವಳು ಒಳಕೋಣೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು, ಮಾತಾಡಿರಲಿಲ್ಲ. ಹಿರಿಯರ ಮುಂದೆ ಗಂಡನ ಜೊತೆ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಸರಿಯೇ. ಆದರೂ ಆ ಮೌನವನ್ನು ಅವನು ಸಿಟ್ಟೆಂದೇ ಓದಿದ. ಸಿಟ್ಟಾದರೆ ವಾಸಿ. ಸಿಟ್ಟಿಗೆ ಒಂದು ಮದ್ದಿದೆ, ಗಂಡಸುತನ ತೋರಿಸಿದರೆ ಹೆಂಗಸಿನ ಸಿಟ್ಟು ಇಳಿಯುತ್ತದೆ ಎಂದು ಅವನು ಎಲ್ಲಿಂದಲೋ ಕಲಿತಿದ್ದ. ಘಾಟು ಏರಿ ಹೋಗುತ್ತೇನೆ, ಮಾಪಣ್ಣನ ಬಾಯಿ ಮುಚ್ಚುತ್ತದೆ, ಸಾಯಬಣ್ಣ ಮಾತು ಉಳಿಸಿಕೊಳ್ಳಲೇಬೇಕಾಗುತ್ತದೆ, ಚಂದಮ್ಮ ಪೆಟ್ಟಿಗೆಯ ಸಮೇತ ಮೋಟರು ಹತ್ತುತ್ತಾಳೆ. ಇಷ್ಟೇ ಅವನಿಗೆ ಬೇಕಾದದ್ದು. ಮನೆಯಲ್ಲಿ ಒಲೆಯ ಮುಂದೆ ಅವಳು ಕೂತಿರಬೇಕು, ಬೈಯಲಿ ಬೇಕಾದರೆ, ಆದರೆ ಕೂತಿರಬೇಕು.

ಎರೆಮಣ್ಣು ಮುಗಿದು ಕೆಮ್ಮಣ್ಣು ಶುರುವಾದಲ್ಲಿ ಘಾಟು ಶುರುವಾಗುತ್ತದೆ. ಬುಡದಲ್ಲಿ ಒಂದು ಆಲದ ಮರ. ಅಣವೀರಪ್ಪ ಅಲ್ಲಿ ನಿಂತು ಧೋತರ ಬಿಗಿದು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸರಿಸಿ, ಮನಸ್ಸಿನಲ್ಲಿ ಕಲಬುರ್ಗಿಯ ಶರಣಬಸಪ್ಪನಿಗೆ ಕೈಮುಗಿದು ಹತ್ತಿದ. ಮೊದಲ ತಿರುವಿನವರೆಗೆ ಕೋಟೆಯ ಏರಿನ ರೂಢಿ ಸಾಕಾಯಿತು. ಆಮೇಲೆ ರಸ್ತೆ ನಿಧಾನವಾಗಿ, ಮೋಸದಿಂದ, ಕಡಿದಾಯಿತು. ನೋಡಲು ಅಷ್ಟೇನೂ ಅಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಕಡಿಗಲ್ಲಿನ ಚೂರುಗಳು ಗಾಲಿಯಡಿ ಜಾರಿ ಹೊರಳಿದವು. ಸೀಟಿನಿಂದ ಎದ್ದು ನಿಂತು, ಒಂದೊಂದು ಪೆಡಲಿನ ಮೇಲೂ ಮೈಯ ಭಾರವನ್ನೆಲ್ಲ ಹಾಕಿ ತುಳಿದ. ಕಿವಿಯೊಳಗೆ ರಕ್ತ ಬಡಿಯುವ ಸದ್ದು, ಬಾಯೊಳಗೆ ಕಬ್ಬಿಣದ ರುಚಿ. ಮೂರನೆಯ ತಿರುವಿನಲ್ಲಿ ಮೇಲಿನಿಂದ ಬಾಳೆಗೊನೆ ಹೇರಿಕೊಂಡ ಬಂಡಿಯೊಂದು ಇಳಿದು ಬಂತು. ಸೈಕಲ್ಲನ್ನು ಕಂಡು ಎಡದ ಎತ್ತು ಬೆದರಿತು, ಬಂಡಿ ಅಡ್ಡ ತಿರುಗಿತು, ಅಣವೀರಪ್ಪನ ಎಡಗಾಲು ನೆಲಕ್ಕೆ ಇಳಿಯಿತು. ಒಂದು ಗಳಿಗೆ, ಅಷ್ಟೇ. ಬಂಡಿಯವನು ಎತ್ತನ್ನು ಗದರಿಸಿ, ಇವನ ಕಡೆ ನೋಡದೆ, ದಾರಿ ಹಿಡಿದು ಹೋದ.

ಅವನು ಸೈಕಲ್ಲನ್ನು ಹಿಡಿದು ಹಾಗೆಯೇ ನಿಂತ. ಎಡಗಾಲಿನ ಕೆರದ ಅಚ್ಚು ಧೂಳಿನಲ್ಲಿ ಚೆನ್ನಾಗಿ ಮೂಡಿತ್ತು. ನೋಡಿದವರಿಲ್ಲ; ನೋಡಿದವನೊಬ್ಬ ಬಾಳೆಹಣ್ಣು ಮಾರಲು ಕಲಬುರ್ಗಿಗೆ ಹೋಗುತ್ತಿದ್ದಾನೆ, ಅವನಿಗೆ ಯಾರ ಕಾಲು ಎಲ್ಲಿ ಹತ್ತಿದರೇನು. ಇಲ್ಲಿಂದಲೇ ಹತ್ತಿದರೆ ಮಾಪಣ್ಣನಿಗೆ ತಿಳಿಯುವುದಿಲ್ಲ. ಎತ್ತು ಬೆದರಿತು ಅಂದರೆ ಯಾರೂ ಅಲ್ಲಗಳೆಯುವುದಿಲ್ಲ. ಹೀಗೆಲ್ಲ ಯೋಚಿಸಿ, ಅಣವೀರಪ್ಪ ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದ. ಪೂರಾ ಇಳಿದು ಆಲದ ಮರದ ತನಕ ಹೋದ. ಮತ್ತೆ ಮೊದಲಿನಿಂದ. ಎಂಥ ಪ್ರಾಮಾಣಿಕ ಮನುಷ್ಯ ನೋಡಿ. ಒಂದು ಹೆಜ್ಜೆಯ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗದೆ ಏರಿದ ಘಾಟನ್ನು ಇಳಿದು ಬಂದ. ಆಲದ ಬೇರಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಗ ಅವನಿಗೆ ತನ್ನ ಬಗ್ಗೆ ಬಹಳ ದಿನದ ಮೇಲೆ ಒಂದು ಗೌರವ ಹುಟ್ಟಿತು. ಆ ಗೌರವ ಬಿಸಿಯಾಗಿ, ಹಿತವಾಗಿ ಕಣ್ಣಿಗೆ ಬಂದು ನಿಂತಿತು. ಅಳು ಬಂದರೂ ಬರಲಿ ಎಂದು ಬಿಟ್ಟ.

ಎರಡನೆಯ ಏರಿನ ನೆನಪು ಅವನಲ್ಲಿ ಪೂರ್ತಿಯಾಗಿ ಉಳಿಯಲಿಲ್ಲ. ಕಾಲುಗಳು ಅವನವಲ್ಲದಾದವು. ಕಣ್ಣಿಗೆ ಮುಂದಿನ ಗಾಲಿಯ ಮುಂದಿನ ಒಂದು ಗೇಣು ಕೆಂಪು ನೆಲ ಮಾತ್ರ ಕಾಣುತ್ತಿತ್ತು, ಅದು ದಾಟಿದರೆ ಇನ್ನೊಂದು ಗೇಣು. ಮೂರನೆಯ ತಿರುವಿನಲ್ಲಿ ತನ್ನದೇ ಕೆರದ ಅಚ್ಚನ್ನು ದಾಟಿದ. ಒಮ್ಮೆ ಮರೆಪ್ಪ ನೆನಪಾದ: ಅವತ್ತು ಇದೇ ಏರಿನಲ್ಲಿ ಆ ಮನುಷ್ಯ ಕುಂಟು ತಟ್ಟುವಿನ ಹಗ್ಗ ಹಿಡಿದು ನಡೆದು ಹೋಗಿರಬೇಕು, ಹೊಟ್ಟೆಗೆ ಏನಾದರೂ ಬಿದ್ದಿತ್ತೋ ಇಲ್ಲವೋ. ಒಂದು ರೊಟ್ಟಿ ತಿಂದು ಹೋಗು ಅನ್ನಲಿಲ್ಲ ತಾನು. ಆ ನೆನಪಿನ ಹಿಂದೆ ಇನ್ನೇನೋ ಒಂದು ಬಂದು ನಿಂತಂತಾಯಿತು, ಬಾಗಿಲಲ್ಲಿ ನಿಂತು ಒಳಗೆ ಬರಲೇ ಅನ್ನುವ ಹಾಗೆ. ಇವತ್ತು ಏರುವ ಘಾಟು ಅವತ್ತು ಯಾಕೆ ಏರುತ್ತಿರಲಿಲ್ಲ? ಅವನಲ್ಲಿ ಉತ್ತರ ತಯಾರಿತ್ತು. ಅವತ್ತು ರೂಢಿ ಇರಲಿಲ್ಲ, ಇವತ್ತು ಆರು ತಿಂಗಳ ರೂಢಿ ಇದೆ. ಸರಿಯಾದ ಉತ್ತರ. ಅದನ್ನು ಎರಡು ಸಲ ಹೇಳಿಕೊಂಡು ಪೆಡಲು ತುಳಿದ, ಬಾಗಿಲಲ್ಲಿ ನಿಂತದ್ದು ಹಿಂದಕ್ಕೆ ಹೋಯಿತು. ಕಡೆಯ ತಿರುವಿನಲ್ಲಿ ಸೈಕಲ್ಲು ನಿಂತೇಹೋಯಿತು ಅನ್ನುವಾಗ, ಬಾಯಿಯಿಂದ ದನದಂಥ ಒಂದು ಸದ್ದು ಹೊರಟು, ಗಾಲಿ ಒಂದು ಸುತ್ತು ತಿರುಗಿತು. ಆಮೇಲೆ ನೆಲ ತಾನಾಗಿಯೇ ಸಮವಾಯಿತು. ಗಾಳಿ ಬೀಸಿತು. ಮುಂದೆ ಕಮಲಾಪುರದ ಬಾಳೆತೋಟಗಳು, ಅವುಗಳಾಚೆ ಮಾಳಿಗೆ ಮನೆಗಳು. ಅವನಿಗೆ ಖುಷಿಯಾಯಿತು. ಮಗುವಿಗಾಗುವಂಥ ಖುಷಿ, ಯಾರಿಗಾದರೂ ತೋರಿಸಬೇಕು ಅನ್ನುವಂಥದು.

ಬುತ್ತಿ ಹೊತ್ತಾಗಿತ್ತು, ಹೆಂಗಸರು ರೊಟ್ಟಿ ಗಂಟು ಹೊತ್ತು ಹೊಲಕ್ಕೆ ಹೊರಟಿದ್ದರು. ಚಾವಡಿಯ ಮುಂದೆ ಅವನು ಬ್ರೇಕು ಹಿಡಿದಾಗ ಕಟ್ಟೆಯ ಮೇಲಿದ್ದವರು ಮೊದಲು ಗುರುತು ಹಿಡಿಯಲಿಲ್ಲ. ಧೋತರ, ಅಂಗಿ, ಮೀಸೆ ಎಲ್ಲ ಕೆಂಪು. ಮಾಪಣ್ಣ ಗುರುತು ಹಿಡಿದ. ಅವನು ಮುಖ ಸಣ್ಣದು ಮಾಡುತ್ತಾನೆ, ಏನಾದರೂ ತಕರಾರು ತೆಗೆಯುತ್ತಾನೆ ಎಂದು ಅಣವೀರಪ್ಪ ಆರು ತಿಂಗಳು ಕಾದಿದ್ದ. ಹಾಗೇನೂ ಆಗಲಿಲ್ಲ. ಎತ್ತು ಬೆದರಿದ್ದು, ತಿರುಗಿ ಇಳಿದದ್ದು, ಮತ್ತೆ ಏರಿದ್ದು ಎಲ್ಲವನ್ನೂ ಕೇಳಿ ಮಾಪಣ್ಣ ಅವನ ಎರಡೂ ಕಾಲು ಮುಟ್ಟಿದ, ಮೀನಖಂಡವನ್ನು ಕೈಯಿಂದ ಒತ್ತಿ ನೋಡಿ ಎಲ್ಲರಿಗೂ ತೋರಿಸಿದ. ಸೈಕಲ್ಲನ್ನು ತಾನೇ ತಳ್ಳಿಕೊಂಡು ಮುಂದೆ ನಡೆದ. ಮನೆ ಮುಟ್ಟುವುದರೊಳಗೆ ಹಿಂದೆ ಅರ್ಧ ಊರು ಇತ್ತು. ಸಾಯಬಣ್ಣ ಪಡಸಾಲೆಯಿಂದ ಎದ್ದು ಬಂದು, ಮದುವೆಯಾದಾಗಿನಿಂದ ಮೊದಲ ಸಲ, ಅಳಿಯನ ಹೆಗಲ ಮೇಲೆ ಕೈ ಹಾಕಿದ. ಜನರೆದುರೇ ಹೇಳಿದ: ತಾನು ತಪ್ಪು ತಿಳಿದಿದ್ದೆ, ಕಾಗದ ಬರೆಯುವ ಕೈ ಅಷ್ಟೇ ಅಂದುಕೊಂಡಿದ್ದೆ, ಎದೆ ಇದೆ ಅಂದುಕೊಂಡಿರಲಿಲ್ಲ. ಮಗಳನ್ನು ಹಿಡಿದಿಟ್ಟವನು ತಾನೇ. ಅವಳು ಎರಡು ಸಲವೂ ಗಂಡನ ಜೊತೆ ಹೋಗುತ್ತೇನೆಂದು ಸೀರೆ ಮಡಚಿಟ್ಟುಕೊಂಡಿದ್ದಳು, ತಾನೇ ಬಿಟ್ಟಿರಲಿಲ್ಲ. ಇನ್ನು ಕರಕೊಂಡು ಹೋಗಿ, ಮಧ್ಯಾಹ್ನ ತಿರುಗಿ ಹೋಗುವ ಮೋಟರಿಗೇ ಹೋಗಿ. ಮಾಪಣ್ಣ ಆಗಲೇ ಒಳಗೆ ಓಡಿ ಅಕ್ಕನ ತಗಡಿನ ಪೆಟ್ಟಿಗೆಯನ್ನು, ಅಂದ ಮಾತಿನಂತೆ, ತಲೆಯ ಮೇಲೆ ಹೊತ್ತು ತಂದು ಕಟ್ಟೆಯ ಮೇಲಿಟ್ಟ. ಜನ ಮತ್ತೆ ನಕ್ಕರು. ಈ ಸಲ ಅಣವೀರಪ್ಪನೂ ನಕ್ಕ. ಅವಳು ಬರಲು ಸಿದ್ಧಳಿದ್ದಳು, ಸೀರೆ ಮಡಚಿಟ್ಟುಕೊಂಡಿದ್ದಳು. ಅವನು ಅಂದುಕೊಂಡ ಸಿಟ್ಟು ಅವಳಲ್ಲಿ ಇರಲೇ ಇಲ್ಲ.

ಕೈಕಾಲು ತೊಳೆಯಲು ಹಿತ್ತಲಿನ ಬಚ್ಚಲಿಗೆ ಹೋದ. ಚಂದಮ್ಮ ಬಿಸಿನೀರಿನ ಕೊಡ, ತಂಬಿಗೆ ಇಟ್ಟುಕೊಂಡು ಅಲ್ಲಿ ನಿಂತಿದ್ದಳು. ಸೊರಗಿದ್ದಳು. ಸೆರಗು ತಲೆಯಿಂದ ಜಾರಿತ್ತು, ಎತ್ತಿಕೊಳ್ಳಲಿಲ್ಲ. ಅವನ ಕಾಲಿನ ಕೆಂಪು ಧೂಳನ್ನೂ ಗಾಯದ ಕಲೆಯ ಮೊಣಕಾಲನ್ನೂ ನೋಡಿ ಅವಳ ಕಣ್ಣಲ್ಲಿ ಅಯ್ಯೋ ಅನ್ನುವುದು ಕಾಣಿಸಿತು, ಅದು ಅವನಿಗೆ ಎಲ್ಲ ಶಾಭಾಸುಗಳಿಗಿಂತ ಹೆಚ್ಚಾಯಿತು. ಕಲ್ಲಿನ ಮೇಲೆ ಬಲಗಾಲು ಇಟ್ಟ. ಅವಳು ಬಗ್ಗಿ ನೀರು ಹಾಕಿದಳು, ಒಂದು ವರ್ಷದ ಮೇಲೆ, ಯಾರೂ ಇಲ್ಲದಲ್ಲಿ, ಮಾತಾಡಿದಳು.

"ನಡುವ ಎಲ್ಲೂ ಇಳೀಲೇ ಇಲ್ಲೇನ್ರಿ?"

ಇಳಿಯಲಿಲ್ಲ ಅಂದ. ಒಮ್ಮೆ ಕಾಲು ಹತ್ತಿದ್ದಕ್ಕೆ ಬುಡಕ್ಕೆ ಹೋಗಿ ತಿರುಗಿ ಬಂದದ್ದನ್ನು ಹೇಳಿದ. ಅವಳು ಕಾಲನ್ನು ಕೈಯಿಂದ ಉಜ್ಜಿ ಇನ್ನೊಂದು ತಂಬಿಗೆ ನೀರು ಹಾಕಿದಳು.

"ಅಲ್ಲಿ ಎಷ್ಟೊತ್ತಿಗಿ ಬಿಟ್ಟಿದ್ರಿ?"

"ಬೆಳಕ ಹರಿಯೂದರಾಗ," ಅಂದ ಅಣವೀರಪ್ಪ, ಹೆಮ್ಮೆಯಿಂದಲೇ ಅಂದ. "ಬುತ್ತಿ ಹೊತ್ತಿಗಿ ಇಲ್ಲಿದ್ದೆ ನೋಡು."

ಅವಳ ಕೈ ಅವನ ಕಾಲಿನ ಮೇಲೆ ನಿಂತಿತು. ಹಿತ್ತಲ ಗೋಡೆಯ ಮೇಲಿನ ಬಿಸಿಲನ್ನು ನೋಡಿದಳು, ಬೇವಿನ ನೆರಳು ಎಲ್ಲಿದೆ ಎಂದು ನೋಡಿದಳು, ಆಮೇಲೆ ಅವನ ಮುಖವನ್ನು ನೋಡಿದಳು. ಲೆಕ್ಕ ಬಾರದ ಹೆಂಗಸು ಒಂದು ಲೆಕ್ಕ ಮಾಡುತ್ತಿರುವುದು ಅವನಿಗೆ ಕಂಡಿತು, ತಡೆಯಲು ಆಗಲಿಲ್ಲ.

"ಮರೆಪ್ಪ ನಿಮ್ಮ ಬಾಗಲಿಗಿ ಬಂದಾಗೂ ಬೆಳಕ ಹರಿಯಾಕತ್ತಿತ್ತಂತ," ಅಂದಳು. "ಕೂಸು ದೀಪಾ ಹಚ್ಚೂತನಕ ಇತ್ರೀ."

ತಯಾರಿದ್ದ ಉತ್ತರವನ್ನು ಅವನು ಹೇಳಿದ. ಅವತ್ತು ತನಗೆ ರೂಢಿ ಇರಲಿಲ್ಲ, ಈ ಏರು ಅವತ್ತು ಆಗುತ್ತಿರಲಿಲ್ಲ, ಆರು ತಿಂಗಳು ಬೆವರು ಸುರಿಸಿದ್ದಕ್ಕೆ ಇವತ್ತು ಆಯಿತು. ಪ್ರತಿ ಮಾತೂ ನಿಜ. ತನ್ನ ದನಿ ತನಗೇ ಕೇಳಿಸುತ್ತಿತ್ತು, ಅದು ಕಚೇರಿಯ ದನಿ. ಚಂದಮ್ಮ ಮಧ್ಯದಲ್ಲಿ ಬಾಯಿ ಹಾಕದೆ, ತಲೆಯಾಡಿಸುತ್ತ, ಪೂರ್ತಿ ಕೇಳಿದಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಏನೋ ಒಂದು ಸಣ್ಣ ವಿಷಯ ಇಷ್ಟು ದಿನ ತಿಳಿಯದೆ ಉಳಿದಿತ್ತಲ್ಲ ಅನ್ನುವ ಬೆರಗು ಮಾತ್ರ ಇತ್ತು.

"ಏರಲಾರದಿದ್ರ, ಇಳದು ನೂಕ್ಕೋತ ಬರಬಹುದಿತ್ತಲ್ರಿ."

ಇದು ಅವನಿಗೆ ಹೊಳೆದೇ ಇರಲಿಲ್ಲ. ಒಂದು ವರ್ಷದಲ್ಲಿ, ಕೋಟೆಯ ಏರಿನಲ್ಲಿ ಬಿದ್ದ ಅಷ್ಟು ಬೆಳಗುಗಳಲ್ಲಿ, ಒಮ್ಮೆಯೂ ಹೊಳೆದಿರಲಿಲ್ಲ. ಕಾಲು ನೆಲಕ್ಕೆ ಹಚ್ಚಬಾರದೆಂದು ಅವತ್ತು ಯಾರೂ ಅಂದಿರಲಿಲ್ಲ.

"ಎಲ್ಲಾರ ಕೂಡ ಜಗಳಾಡೀನ್ರಿ ನಾ," ಅಂದಳು ಚಂದಮ್ಮ. "ಅಪ್ಪನ ಕೂಡ, ಮಾಪಣ್ಣನ ಕೂಡ. ಆ ಘಾಟ ಸೈಕಲ್ ಏರೂ ಘಾಟಲ್ಲ, ಅವರದೇನೂ ತಪ್ಪಿಲ್ಲಂತ. ಕೂಸಿನ ಮಣ್ಣ ಮುಟ್ಟಿ ಹೇಳೀನಿ."

ಹೊರಗೆ ಪಡಸಾಲೆಯಲ್ಲಿ ಸಾಯಬಣ್ಣ ಯಾರಿಗೋ ಅಳಿಯನ ಸಾಹಸವನ್ನು ಮೊದಲಿನಿಂದ ಹೇಳುತ್ತಿದ್ದ. ಆ ಮೂರನೆಯ ತಿರುವು, ಬೆದರಿದ ಎತ್ತು, ತಿರುಗಿ ಇಳಿದದ್ದು. ಕೇಳುವವರು ವಾಹ್ ವಾಹ್ ಅನ್ನುತ್ತಿದ್ದರು. ಚಂದಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹೊರಗಿನವರ ಎದುರು ಎಳೆದುಕೊಳ್ಳುವ ಹಾಗೆ. ತಂಬಿಗೆಯನ್ನು ಸಪ್ಪಳವಾಗದಂತೆ ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ಅವಳು ತಮ್ಮನನ್ನು ಕರೆದು, ಪೆಟ್ಟಿಗೆಯನ್ನು ಒಳಗೆ ಇಡು ಅಂದದ್ದು ಬಚ್ಚಲಿಗೂ ಕೇಳಿಸಿತು. ಅಣವೀರಪ್ಪನ ಒಂದು ಕಾಲಷ್ಟೇ ತೊಳೆದಿತ್ತು. ಇನ್ನೊಂದನ್ನು ಅವನು ತಾನೇ ನೀರು ಹಾಕಿಕೊಂಡು ತೊಳೆಯತೊಡಗಿದ.